ಮರದ ಕೊಡತಿಯನ್ನು ಮನೆಯಲ್ಲಿಯೇ ಮಾಡಿಕೊಳ್ಳುವ ಕ್ರಮ

ಎರೆಭೂಮಿಯಲ್ಲಿ ಹಿಂಗಾರಿ ಬಿತ್ತನೆಗೆ ಹದವು ಒದಗಿದ ಮೇಲೆ ಅದು ಬಹು ದಿನ ಕಾದಿರುವುದಿಲ್ಲವೆಂಬುದನ್ನು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಾದ್ದಿಲ್ಲ. ವರ್ಷಕ್ಕೆ ಸರಾಸರಿ ೬೦೦ ಮಿಲ್ಲಿಮೀಟರಿಗಿಂತಲೂ ಕಡಿಮೆ ಮಳೆಯಾಗುವ ಈ ಸೀಮೆಯಲ್ಲಿ ಉತ್ತರಿ, ಹಸ್ತ ಮಳೆಗಳು ಬಿದ್ದು, ಮೇಲ್ಮಣ್ಣು ಕಾಲಿಗೆ ಅಂಟದಷ್ಟು ಆರಿದ ಕೂಡಲೆ ಕೂರಿಗೆಯು ಹೊಲದಲ್ಲಿರಬೇಕು. ಬಿಸಿಲು ಗಾಳಿಗಳಿಗೆ ಮೇಲಣ ಮಣ್ಣು ಒಣಗುತ್ತ ಹೋದಂತೆ ತೇವವು ಕೆಳಕ್ಕೆ ಸರಿಯುವುದು. ಬೀಜವು ಆ ತೇವವನ್ನು ಮುಟ್ಟದಿದ್ದರೆ ಜೋಳವು ಅಲ್ಲಲ್ಲಿ ಮೊಳೆತು ಅಲ್ಲಲ್ಲಿ ಬರಿದಾಗಿ ಉಳಿಯುವುದು. ಆಮೇಲೆ ಎಷ್ಟು ದುಡಿದರೂ ಆ ಬರಿದಾದ ಸಾಲುಗಳು ತುಂಬತಕ್ಕವಲ್ಲ.

ಇಂಥ ದಿನದಲ್ಲಿ ಕೂರಿಗೆಯ ತಾಳೊಂದು ದಿಂಡಿನಲ್ಲಿ ಸಡಿಲವಾಯಿತೆಂದು ಭಾವಿಸಬೇಕು. ಬೇಸಗೆಯಲ್ಲೆಲ್ಲ ಮಾಡಿನ ಕೆಳಗೆ ಒಣಗಿದ ಮರವು ಕುಗ್ಗಿರುವುದರಿಂದ ಇದು ಆಗಬಾರದ್ದೇನೂ ಅಲ್ಲ, ಆಗಿಯೇ ಆಗುವುದು. ಬೆಣೆಯನ್ನು ನಾಲ್ಕು ಪೆಟ್ಟು ಹೊಡೆದು ಬಿಗಿಗೊಳಿಸಿದರೆ ತೀರಿತು. ಆದರೆ ರೈತನ ಕೈಗೆ ಆ ಹೊತ್ತಿಗೆ ಸಿಕ್ಕುವುದು ಯಾವುದು? ಕೊಡಲಿಯ ಹಿಂಭಾಗ, ಕಬ್ಬಿಣದ ಸುತ್ತಿಗೆ, ಇಲ್ಲವೆ ಬದುವಿನ ಮೇಲಣ ಒಂದು ಗುಂಡುಕಲ್ಲು. ಮೊದಲನೆಯ ಪೆಟ್ಟಿಗೆ ಬೆಣೆಯ ತಲೆ ಒಡೆಯುವುದು, ಎರಡನೆಯದಕ್ಕೆ ಅದು ಸೀಳುವುದು, ಮೂರನೆಯದು ಗುರಿತಪ್ಪಿ ದಿಂಡಿನ ಮೇಲೆಯೇ ಬಿದ್ದರೆ ದಿಂಡು ಬಿರಿಯುವುದು. ಬೆಣೆ ಹೋದರೆ ಒಂದು ಗಳಿಗೆಯ ಕೆಲಸ. ದಿಂಡು ಬಿರಿದರೆ ಬಡಿಗನೇ ಬೇಕು. ಬಡಿಗನಾದರೋ ಆ ವಾರದಲ್ಲಿ ಊರಿನವರೆಲ್ಲರಿಗೂ ಬೇಕಾದವನು. ಮೊದಲು ಕಣದಲ್ಲಿ ಆಯ ಪಡೆದು ವರ್ಷವಿಡೀ ಊರಿನ ಒಕ್ಕಲುತನದ ಸಾಮಾನುಗಳನ್ನು ನೋಡಿಕೊಳ್ಳುತ್ತಿದ್ದ ಬಡಿಗರ ಮನೆಗಳು ಈಗ ಎಷ್ಟೋ ಹಳ್ಳಿಗಳಲ್ಲಿ ಉಳಿದಿಲ್ಲ; ಉಳಿದ ಕಡೆಯಲ್ಲಿಯೂ ಅವರ ಮಕ್ಕಳು ಬಾಗಿಲು, ಕಿಟಕಿ, ಕಪಾಟುಗಳ ಕೆಲಸಕ್ಕಾಗಿ ಪೇಟೆ ಸೇರಿದ್ದಾರೆ. ಹೀಗೆ ಎರಡು ದಿನ ಕಳೆದುಹೋಗುವುವು. ದುಡ್ಡು ಕೊಡದೆ ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಒಂದು ಮರದ ಕೊಡತಿಯು ಇಲ್ಲದ್ದರಿಂದ ಆಗುವ ನಷ್ಟವಿದು.

ಟ್ರ್ಯಾಕ್ಟರು ಬಂದ ಮೇಲೆ ಈ ಮಾತೇಕೆ ಎಂದು ಕೆಲವರು ಕೇಳಬಹುದು. ಟ್ರ್ಯಾಕ್ಟರಿನಿಂದ ನೇಗಿಲು ಹೊಡೆಸುವ ಮನೆಯಲ್ಲಿಯೂ ಎಡೆಕುಂಟೆ ಇರುವುದುಂಟು. ದನದ ಗೂಟ, ಬೇಲಿಯ ಗೂಟ, ಸಲಿಕೆ ಗುದ್ದಲಿಗಳ ಕಾವು, ಬಾಗಿಲ ಚೌಕಟ್ಟು ಇವು ಎಲ್ಲರ ಮನೆಯಲ್ಲಿಯೂ ಇವೆ. ಉಳಿಯೊಂದನ್ನು ಹಿಡಿದು ಕೆಲಸ ಮಾಡತಕ್ಕವನಿಗಂತೂ ಕೊಡತಿಯಿಲ್ಲದೆ ಸಾಗದು.

ಕಬ್ಬಿಣಕ್ಕೂ ಮರಕ್ಕೂ ಇರುವ ಭೇದ

ಭಾರವು ಒಂದೇ ಆದರೂ ಕಬ್ಬಿಣದ ಪೆಟ್ಟೂ ಮರದ ಪೆಟ್ಟೂ ಒಂದೇ ಅಲ್ಲ. ಸುತ್ತಿಗೆಯ ಮುಖವು ಒಂದು ಅಂಗುಲದಷ್ಟು ಅಗಲವಿದ್ದು, ಕಬ್ಬಿಣವು ಸ್ವಲ್ಪವೂ ತಗ್ಗುವುದಿಲ್ಲ. ಆದ್ದರಿಂದ ಪೆಟ್ಟಿನ ಬಲವೆಲ್ಲವೂ ಕಣ್ಣುಮುಚ್ಚಿ ತೆರೆಯುವುದಕ್ಕೂ ಮೊದಲೇ ಆ ಇಕ್ಕಟ್ಟಾದ ಜಾಗದ ಮೇಲೆ ಬಿದ್ದು, ಕೆಳಗಿನ ಮರದ ನಾರನ್ನು ಜಜ್ಜಿಬಿಡುವುದು. ಕೊಡತಿಯ ಮುಖವು ಅಂಗೈಯಷ್ಟು ಅಗಲ. ಪೆಟ್ಟು ಬಿದ್ದಾಗ ಅದು ತಾನೂ ತುಸು ತಗ್ಗುವುದು. ಬಲವು ಹರಡಿ, ಸ್ವಲ್ಪ ಹೆಚ್ಚು ಹೊತ್ತು ತಳ್ಳಿದ ಹಾಗೆ ಕೆಲಸ ಮಾಡುವುದು. ಬೆಣೆಯು ಸೀಳದೆ ಒಳಕ್ಕೆ ಇಳಿಯುವುದು ಇದರಿಂದಲೇ. ಮರದ ಹಿಡಿಯುಳ್ಳ ಉಳಿಯ ಮೇಲೆ ಸುತ್ತಿಗೆಯಿಂದ ಹೊಡೆದರೆ ಆ ಹಿಡಿಯು ಕೆಲವೇ ದಿನಗಳಲ್ಲಿ ಅಣಬೆಯಂತೆ ಅರಳಿ ಒಡೆಯುವುದನ್ನು ಎಲ್ಲರೂ ಕಂಡಿರುವರು. ಕೊಡತಿಯಿಂದ ಹೊಡೆದರೆ ಸವೆಯುವುದು ಕೊಡತಿಯೇ ಹೊರತು ಉಳಿಯ ಹಿಡಿಯಲ್ಲ, ಸವೆಯಬೇಕಾದ್ದೂ ಅದೇ.

ಇಳಕಲ್ಲಿನ ಕೆಂಪು ಕಲ್ಲಿನ ಗಣಿಗಳಲ್ಲಿ ಕಬ್ಬಿಣದ ಸುತ್ತಿಗೆಯಿಂದಲೇ ಉಳಿಯನ್ನು ಹೊಡೆಯುವರಲ್ಲ ಎಂದರೆ, ಅಲ್ಲಿಯ ಉಳಿಯು ತುದಿಯಿಂದ ತಲೆಯವರೆಗೂ ಉಕ್ಕು, ಕೆಳಗಿರುವುದು ಕಗ್ಗಲ್ಲು. ಅಲ್ಲಿಗೆ ಅದೇ ಸರಿ. ಅದೇ ಊರಿನ ನೇಕಾರರ ಕುಣಿಮಗ್ಗವನ್ನು ನೋಡಿದರೆ ಸಂಗತಿಯು ಬೇರೆ. ಮಗ್ಗದ ಮರಗಳನ್ನು ಬೆಣೆ ಗೂಟಗಳಿಂದ ಬಿಗಿಯುವಾಗ ಕಬ್ಬಿಣದ ಪೆಟ್ಟಿನಿಂದ ಮರವು ಜಜ್ಜಿ ಸಿಬಿರೆದ್ದರೆ, ಸೀರೆಯ ಸೆರಗಿಗೆ ಬಳಸುವ ರೇಷ್ಮೆಯ ಎಳೆಯು ಅದಕ್ಕೆ ಸಿಕ್ಕಿಕೊಂಡು ಹರಿಯುವುದು. ಕಲ್ಲಿನವನಿಗೆ ಸುತ್ತಿಗೆ, ಮರದವನಿಗೆ ಕೊಡತಿ. ಈ ಸೀಮೆಯ ಪೂರ್ವಿಕರು ಎರಡೂ ಕೆಲಸಗಳನ್ನು ಬಲ್ಲವರಾಗಿದ್ದರು. ಐಹೊಳೆಯ ಲಾಡಖಾನ ಗುಡಿಯ ಮಾಡಿನಲ್ಲಿ ಹಾಸುಗಲ್ಲುಗಳ ಸಂದುಗಳ ಮೇಲೆ ಮರದ ದಿಮ್ಮಿಗಳ ಆಕಾರದ ಉದ್ದನೆಯ ಕಲ್ಲುಗಳನ್ನು ಹೊಂದಿಸಿರುವುದನ್ನು ನೋಡಿದವರಿಗೆ, ಮರಗೆಲಸದ ಪದ್ಧತಿಯನ್ನೇ ಕಲ್ಲಿಗೆ ತಂದಿರುವರೆಂಬುದು ತಿಳಿಯದಿರದು.

ಮರದ ಆಯ್ಕೆ

ಕೊಡತಿಯ ತಲೆಗೆ ಬೇಕಾದ ಗುಣಗಳು ಎರಡು: ಭಾರ, ಮತ್ತು ಸೀಳದಿರುವಿಕೆ. ಸಾಗವಾನಿಯು ಬಾಗಿಲಿಗೆ ಉತ್ತಮವಾದ ಮರವಾದರೂ ಇದಕ್ಕೆ ಹಗುರ; ಅದರ ನಾರು ನೆಟ್ಟಗಿರುವುದರಿಂದ ಬೇಗನೆ ಸೀಳುವುದು. ಮಾವು ಮೃದು. ಬೇವು ನಡೆದೀತು, ಆದರೆ ಬೇಗನೆ ಸವೆಯುವುದು. ಹುಣಸೆಯು ಬಹಳ ಒಳ್ಳೆಯದು. ಅದರ ನಾರುಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಸೀಳಬೇಕೆಂದರೂ ಸೀಳದು. ಒನಕೆಗೂ ಎಣ್ಣೆಯ ಗಾಣಕ್ಕೂ ಹಿಂದಿನಿಂದ ಅದನ್ನು ಆರಿಸಿರುವುದು ಇದಕ್ಕಾಗಿಯೇ. ಕಮರದ ಮರ ಸಿಕ್ಕಿದರೆ ಅದರಷ್ಟು ಭಾರವಾದದ್ದು ಮತ್ತೊಂದಿಲ್ಲ, ನೀರಿಗೆ ಹಾಕಿದರೆ ಮುಳುಗುವುದು; ಆದರೆ ಉಳಿಯ ಬಾಯನ್ನು ಬಹು ಬೇಗ ಮೊಂಡಾಗಿಸುವುದರಿಂದ ಮೊದಲ ಸಲ ಮಾಡುವವನು ಅದನ್ನು ಮುಟ್ಟದಿರುವುದೇ ಲೇಸು.

ಸಾಮಾನ್ಯ ರೈತನಿಗೆ ಕರಿಜಾಲಿಯೇ ತಕ್ಕದ್ದು. ಬಂಡಿಯ ಗಾಲಿ, ನೇಗಿಲು, ಕುಂಟೆಯ ದಿಂಡುಗಳಿಗೆ ತಲೆಮಾರುಗಳಿಂದ ಬಳಸಿದ ಮರವಿದು. ಬಿಗಿಯಾದದ್ದು, ಪೆಟ್ಟನ್ನು ತಾಳತಕ್ಕದ್ದು. ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವುದು. ಕೃಷ್ಣೆಗೆ ಆಲಮಟ್ಟಿಯಲ್ಲಿ ಕಟ್ಟಿದ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಮೇಲೇರಿ ನಿಂತಮೇಲೆ ಬಾಗಲಕೋಟೆಯ ಸುತ್ತಣ ನದಿದಂಡೆಯ ಭೂಮಿಯ ಜೊತೆಗೆ ಅಲ್ಲಿಯ ಮರಗಳೂ ಹೋದವು. ಆದ್ದರಿಂದ ಆ ಕಡೆಯ ಊರುಗಳವರು ಬದುವಿನಲ್ಲಿ ಉಳಿದಿರುವ ಕರಿಜಾಲಿಯನ್ನು ಉರುವಲಿಗೆ ಕಡಿಯದಿರುವುದು ಒಳ್ಳೆಯದು.

ಬಳ್ಳಾರಿ ಜಾಲಿಯ ವಿಷಯವಾಗಿ ಒಂದು ಮಾತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕಾ ಖಂಡದಿಂದ ಭಾರತಕ್ಕೆ ತಂದ ಈ ಗಿಡವು ಹಳ್ಳ, ಗಾಂವಠಾಣ, ರಸ್ತೆಯ ಅಂಚು ಎಲ್ಲವನ್ನೂ ಮುತ್ತಿ ರೈತರ ಶಾಪಕ್ಕೆ ಗುರಿಯಾಗಿರುವುದು ಸರಿಯೇ. ಆದರೆ ಇದರ ಕೆಚ್ಚು ಕರಿಜಾಲಿಗೆ ಸಮನಾಗಿ ಗಟ್ಟಿಯಾದದ್ದು. ಒಣಗುವಾಗ ಕುಗ್ಗುವುದೂ ಬಿರಿಯುವುದೂ ಬೇರೆ ಮರಗಳಿಗಿಂತ ಕಡಿಮೆ. ಆರು ಅಂಗುಲ ದಪ್ಪದ ನೆಟ್ಟನೆಯ ಕಾಂಡ ಸಿಕ್ಕುವುದು ಮಾತ್ರ ಅಪರೂಪ. ಸಿಕ್ಕಿದರೆ ಬಿಡಬಾರದು. ಅದರ ಮುಳ್ಳು ಚುಚ್ಚಿದರೆ ಕೀವಾಗಿ ಬಹು ದಿನ ಬಾಧಿಸುವುದರಿಂದ ಕೊಂಬೆಗಳನ್ನು ಮೊದಲು ಸವರಿಕೊಂಡು, ಪಾದರಕ್ಷೆಯಿಲ್ಲದೆ ಅದರ ಬಳಿ ಸುಳಿಯದೆ ಕೆಲಸ ಮಾಡಬೇಕು.

ಮರ ಕಡಿಯುವ ಬಗ್ಗೆ ಊರಿನ ಮುಖ್ಯಸ್ಥರು ತಿಳಿದಿರತಕ್ಕದ್ದೇನೆಂದರೆ, ಸ್ವಂತ ಹೊಲದಲ್ಲಿರುವ ಮರವಾದರೂ ೧೯೭೬ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯಿದೆಯ ಮೇರೆಗೆ ಅದನ್ನು ಕಡಿಯಲು ಅರಣ್ಯ ಇಲಾಖೆಯ ಅಪ್ಪಣೆ ಬೇಕಾಗುವುದು. ಬಳ್ಳಾರಿ ಜಾಲಿಯಂಥ ಕೆಲವು ಜಾತಿಗಳಿಗೆ ಮಾತ್ರ ಅದರಿಂದ ವಿನಾಯಿತಿ ಉಂಟು. ಒಂದು ಕೊಡತಿಗಾಗಿ ಮರವನ್ನೇ ಕಡಿಯುವುದು ಹೇಗೂ ಅವಿವೇಕ. ಗಾಳಿಗೆ ಮುರಿದು ಬಿದ್ದ ದಪ್ಪ ಕೊಂಬೆಯು ಧಾರಾಳವಾಗಿ ಸಾಕು. ಅದಕ್ಕಿಂತಲೂ ಸುಲಭವಾದ ದಾರಿಯೊಂದಿದೆ. ಹಿತ್ತಿಲಲ್ಲಿ ಬಿದ್ದಿರುವ ಹಳೆಯ ಚಕ್ಕಡಿಯ ಅಚ್ಚಿನ ಮೇಲಣ ತೊಲೆಯು ಗಟ್ಟಿಯಾಗಿ ಉಳಿದಿದ್ದರೆ ಅದರಿಂದಲೇ ಒಂದು ತುಂಡು ಕೊಯ್ದುಕೊಳ್ಳಬಹುದು. ಹತ್ತಾರು ವರ್ಷ ಒಣಗಿದ ಜಾಲಿ ಅದು. ಇನ್ನು ಬಿರಿಯುವ ಭಯವಿಲ್ಲ. ಒಳಗೆ ಮೊಳೆಗಳು ಮುರಿದುಕೊಂಡಿವೆಯೆ ಎಂಬುದನ್ನು ಮಾತ್ರ ಚೆನ್ನಾಗಿ ನೋಡದೆ ಗರಗಸ ಹಾಕಬಾರದು.

ಒಣಗಿಸುವುದು

ಕೊಡತಿಗಳು ಕೆಡುವುದಕ್ಕೆ ಮುಖ್ಯವಾದ ಕಾರಣವು ಕೈಕೆಲಸದ ದೋಷವಲ್ಲ, ಆತುರ. ಹಸಿಮರದಲ್ಲಿ ಕಣ್ಣು ತೆಗೆದು ಕಾವು ಹಾಕಿದವನು ಬೇಸಗೆಯಲ್ಲಿ ಅದು ಬಿರಿದು ಎರಡಾದುದನ್ನು ನೋಡುವನು. ಮಳೆಗಾಲ ತೀರಿದ ಮೇಲೆ, ದೀಪಾವಳಿಯಿಂದ ಸಂಕ್ರಾಂತಿಯೊಳಗೆ ಮರವನ್ನು ಸಂಗ್ರಹಿಸಿಕೊಂಡರೆ, ಬಿಸಿಲಿನ ಉಗ್ರತೆಗೆ ಮೊದಲು ಅದು ಮೆಲ್ಲಗೆ ಆರುವುದಕ್ಕೆ ಅವಕಾಶವಾಗುವುದು. ಬೇಕಾದ ಉದ್ದಕ್ಕಿಂತ ನಾಲ್ಕು ಅಂಗುಲ ಹೆಚ್ಚಾಗಿಯೇ ತುಂಡು ಮಾಡಬೇಕು, ಏಕೆಂದರೆ ತುದಿಗಳು ಸ್ವಲ್ಪವಾದರೂ ಬಿರಿಯುವುವು. ಬಿರಿದದ್ದನ್ನು ಆಮೇಲೆ ಕೊಯ್ದು ಹಾಕಬಹುದು.

ದಿಮ್ಮಿಯ ನಡುವಣ ತಿರುಳು ಕೊಡತಿಯೊಳಗೆ ಸೇರಕೂಡದು. ಬಿರುಕು ಹುಟ್ಟುವುದು ಆ ತಿರುಳಿನಿಂದಲೇ. ಆದ್ದರಿಂದ ದಪ್ಪ ದಿಮ್ಮಿಯನ್ನು ನಡುವೆ ಸೀಳಿ, ತಿರುಳನ್ನು ಬಿಟ್ಟು ಒಂದು ಪಕ್ಕದ ಕೆಚ್ಚಿನಲ್ಲಿಯೇ ತುಂಡು ತೆಗೆಯಬೇಕು. ತೊಗಟೆಯನ್ನು ಪೂರ್ತಿಯಾಗಿ ತೆಗೆದುಹಾಕಬೇಕು. ತೊಗಟೆಯ ಕೆಳಗಣ ಬೆಳ್ಳನೆಯ ಮರದಲ್ಲಿ ಹಿಟ್ಟಿನ ಅಂಶವಿರುವುದರಿಂದ ಕುಟ್ಟೆಹುಳವು ಅದಕ್ಕೆ ಬಹು ಬೇಗ ಹತ್ತುವುದು, ಆದ್ದರಿಂದ ಅದನ್ನೂ ಬಾಚಿಯಿಂದ ಕೆತ್ತಿಬಿಡಬೇಕು. ಕೆಲವು ಬಡಿಗರು ಜಾಲಿಯ ತುಂಡನ್ನು ಕೆಲವು ವಾರ ಕೆರೆಯ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ಒಣಗಿಸುವರು. ಇದು ಮೂಢ ಪದ್ಧತಿಯಲ್ಲ; ಹುಳಕ್ಕೆ ಆಹಾರವಾಗುವ ಅಂಶವು ನೀರಿನಲ್ಲಿ ಬಹುಮಟ್ಟಿಗೆ ಕರಗಿಹೋಗುವುದು.

ಮರದೊಳಗಿನ ನೀರು ಪಕ್ಕಗಳಿಗಿಂತ ತುದಿಗಳಿಂದ ಬಹು ಬೇಗ ಹೊರಬೀಳುವುದರಿಂದ ಎರಡು ತುದಿಗಳಿಗೂ ಸೆಗಣಿ ಮತ್ತು ಜೇಡಿಮಣ್ಣನ್ನು ಕಲಸಿ ದಪ್ಪವಾಗಿ ಮೆತ್ತಬೇಕು; ಮಿಕ್ಕಿದ ಹಳೆಯ ಬಣ್ಣವಿದ್ದರೆ ಅದೂ ಆಗಬಹುದು. ಅನಂತರ ನೆಲಕ್ಕೆ ತಾಗದಂತೆ ಎರಡು ಕಲ್ಲುಗಳ ಮೇಲೆ, ಗಾಳಿ ಆಡುವ ನೆರಳಿನಲ್ಲಿ ಇಡತಕ್ಕದ್ದು. ಬಿಸಿಲಿನಲ್ಲಿಟ್ಟರೆ ಹೊರಗೆ ಒಣಗಿ ಒಳಗೆ ಹಸಿಯಾಗಿಯೇ ಉಳಿದು ಸೀಳುವುದು. ಒಲೆಯ ಮೇಲಣ ಅಟ್ಟದಲ್ಲಿಟ್ಟರೂ ಅಷ್ಟೇ. ಮೂರು ನಾಲ್ಕು ಅಂಗುಲ ದಪ್ಪದ ತುಂಡಿಗೆ ಒಂದು ವರ್ಷವಾದರೂ ಬೇಕು. ಒಣಗಿತೋ ಇಲ್ಲವೋ ಎಂದು ತಿಳಿಯುವುದಕ್ಕೆ ತಿಂಗಳಿಗೊಮ್ಮೆ ಅಂಗಡಿಯ ತಕ್ಕಡಿಯಲ್ಲಿ ತೂಗಿ ತುಂಡಿನ ಮೇಲೆಯೇ ಇದ್ದಲಿನಿಂದ ಬರೆಯುತ್ತ ಹೋಗಬೇಕು. ಮಳೆಗಾಲವಲ್ಲದ ತಿಂಗಳುಗಳಲ್ಲಿ ಎರಡು ಸಲ ಒಂದೇ ತೂಕ ಬಂದರೆ ಮರವು ಸಿದ್ಧವಾಯಿತೆಂದು ತಿಳಿಯಬಹುದು. ವರ್ಷಕ್ಕೆ ಎರಡು ತುಂಡುಗಳನ್ನು ಹೀಗೆ ಇಟ್ಟುಕೊಂಡು ಬಂದ ಮನೆಯಲ್ಲಿ ಒಣಗಿದ ಮರಕ್ಕೆ ಎಂದೂ ಕೊರತೆಯಾಗದು.

ಕೊಡತಿಯ ತಲೆ

ಬೇಕಾದ ಸಾಮಾನುಗಳು ಕೈಗರಗಸ, ಬಾಚಿ, ರಂದಾ ಎಂದು ಇಲ್ಲಿ ಕರೆಯುವ ಉಜ್ಜುಗೊರಡು, ಮುಕ್ಕಾಲು ಅಂಗುಲದ ಉಳಿ, ಅರ್ಧ ಅಂಗುಲದ ಬೈರಿಗೆ, ಮೂಲೆಮಟ್ಟ ಮತ್ತು ಒಂದು ಅರ. ಉಜ್ಜುಗೊರಡು ಇಲ್ಲದಿದ್ದರೆ ಬಾಚಿ ಮತ್ತು ಅರಗಳಿಂದಲೇ ಸಾಗಿಸಬಹುದು. ಮೂಲೆಮಟ್ಟವಿಲ್ಲದೆ ಮಾತ್ರ ಕೈಹಾಕಬಾರದು. ಕೊಡತಿ ಮಾಡುವುದಕ್ಕೆ ಉಳಿಯನ್ನು ಹೊಡೆಯಬೇಕು, ಉಳಿಯನ್ನು ಹೊಡೆಯಲು ಕೊಡತಿ ಬೇಕು. ಹಾಗಾದರೆ ಮೊದಲನೆಯ ಕೊಡತಿ ಎಲ್ಲಿಂದ ಬಂತು ಎಂದು ಮನೆಯ ಹುಡುಗರು ಕೇಳಿಯಾರು. ಮುಂಗೈ ದಪ್ಪದ, ಒಂದು ಅಡಿ ಉದ್ದದ ಜಾಲಿಯ ಕೊರಡೊಂದರ ಒಂದು ತುದಿಯನ್ನು ಹಿಡಿಕೆಯಂತೆ ಸಣ್ಣಗೆ ಕೆತ್ತಿಕೊಂಡರೆ ಅದೇ ಆ ಹೊತ್ತಿನ ಕೊಡತಿ. ಕೆಲಸ ಮುಗಿದ ಮೇಲೆ ಒಲೆಗೆ ಹಾಕಬಹುದು.

ತಲೆಯ ಅಳತೆಯು ೬ ಅಂಗುಲ ಉದ್ದ, ೪ ಅಂಗುಲ ಎತ್ತರ, ೩ ಅಂಗುಲ ದಪ್ಪ. ಜಾಲಿಯಾದರೆ ಈ ಅಳತೆಗೆ ಒಂದು ಕಿಲೋಗ್ರಾಮಿನ ಹತ್ತಿರ ತೂಗುವುದು. ಇದಕ್ಕಿಂತ ಭಾರವಾದರೆ ಹೊತ್ತಿಡೀ ಉಳಿ ಹೊಡೆಯುವವನ ಮಣಿಕಟ್ಟು ನೋಯುವುದು. ಹಗುರವಾದರೆ ಎರಡು ಪೆಟ್ಟಿನ ಕೆಲಸಕ್ಕೆ ಐದು ಪೆಟ್ಟು ಬೀಳುವುದು. ಮರದ ನಾರು ತಲೆಯ ಉದ್ದಕ್ಕೆ ಹರಿದಿರಬೇಕು. ಅಂದರೆ ಪೆಟ್ಟು ಬೀಳುವ ಎರಡು ಮುಖಗಳೂ ನಾರಿನ ಕೊಯ್ದ ತುದಿಗಳಾಗಿರಬೇಕು. ಅಡ್ಡನಾರಿನ ಮುಖವು ಜಜ್ಜಿ ಪದರ ಪದರವಾಗಿ ಏಳುವುದು. ಗಂಟು ಇದ್ದರೆ ಅದು ಮುಖದ ಕಡೆಗೆ ಬಂದರೆ ಬಾಧಕವಿಲ್ಲ, ನಡುವೆ ಕಣ್ಣಿನ ಜಾಗಕ್ಕೆ ಮಾತ್ರ ಬರಬಾರದು.

ನಾಲ್ಕು ಪಕ್ಕಗಳನ್ನೂ ಮೂಲೆಮಟ್ಟಕ್ಕೆ ಸರಿಯಾಗಿ ನುಣುಪು ಮಾಡಿದ ಮೇಲೆ ಕಣ್ಣಿಗೆ ಗುರುತು ಹಾಕುವುದು. ತಲೆಯ ಉದ್ದದ ನಟ್ಟನಡುವೆ ಸುತ್ತಲೂ ಒಂದು ಗೆರೆ ಎಳೆಯಬೇಕು. ಮೇಲಣ ಪಕ್ಕದಲ್ಲಿ ಕಣ್ಣಿನ ಉದ್ದ ಒಂದೂವರೆ ಅಂಗುಲ, ಕೆಳಗಣ ಪಕ್ಕದಲ್ಲಿ ಒಂದೂಕಾಲು ಅಂಗುಲ. ಅಗಲವು ಎರಡು ಕಡೆಗೂ ಒಂದೇ ಅಂಗುಲ. ಈ ಕಾಲು ಅಂಗುಲದ ವ್ಯತ್ಯಾಸವನ್ನು ಓದುವವರು ಸಣ್ಣದೆಂದು ಭಾವಿಸಕೂಡದು. ಇಡೀ ಕೊಡತಿಯ ಜೀವ ಅದರಲ್ಲಿದೆ. ಕೊಡಲಿಗೆ ಕಾವು ಹಾಕುವಾಗ ಕೆಳಗಿನಿಂದ ತೂರಿಸಿ ಮೇಲೆ ಬೆಣೆ ಹೊಡೆಯುವರು; ಬಿಸಿಲು ಕಾಲದಲ್ಲಿ ಬೆಣೆಯು ಸಡಿಲವಾದರೆ ತಲೆಯು ಕೈಯಿಂದ ಹಾರಿ ಎದುರಿಗಿದ್ದವನ ಮೈಮೇಲೆ ಬೀಳುವುದು. ಬಾದಾಮಿಯ ಗುಡ್ಡಗಳ ಕೆಳಗೆ ವೈಶಾಖದ ಬಿಸಿಲು ೪೦ ಡಿಗ್ರಿಗೆ ಏರುವ ಈ ಸೀಮೆಯಲ್ಲಿ ಬೆಣೆಯನ್ನು ನಂಬಿ ಬೀಸುವುದು ಅಪಾಯಕರ. ಇಲ್ಲಿ ಹೇಳುವ ಕ್ರಮದಲ್ಲಾದರೋ ಮೇಲಕ್ಕೆ ಅಗಲವಾಗುತ್ತ ಹೋಗುವ ಕಾವನ್ನು ಮೇಲಿನಿಂದಲೇ ಕೆಳಕ್ಕೆ ಇಳಿಸುವುದು. ಬೀಸಿದಾಗ ತಲೆಯು ಹೊರಕ್ಕೆ ಹಾರಲೆಳಸುವುದಷ್ಟೆ. ಹೊರಕ್ಕೆ ಹೋದಷ್ಟೂ ಕಾವು ಅಗಲವಾಗಿರುವುದರಿಂದ ಅದು ಇನ್ನೂ ಬಿಗಿಯಾಗುವುದೇ ಹೊರತು ಕಳಚುವುದಿಲ್ಲ. ಬೆಣೆಯೇ ಬೇಕಾಗುವುದಿಲ್ಲ. ಮರವು ಕುಗ್ಗಿದರೂ ಮುಂದಿನ ಪೆಟ್ಟೇ ಅದನ್ನು ಬಿಗಿಗೊಳಿಸುವುದು.

ಕಣ್ಣು ತೆಗೆಯುವಾಗ ಮೇಲಿನಿಂದ ಎರಡು ತೂತು, ಕೆಳಗಿನಿಂದ ಎರಡು ತೂತು, ಗುರುತಿನ ಒಳಗೇ ಬೈರಿಗೆಯಿಂದ ನಡುವಿನವರೆಗೆ ಕೊರೆಯಬೇಕು. ಒಂದೇ ಕಡೆಯಿಂದ ಪಾರುಗೊಳಿಸಿದರೆ ಇನ್ನೊಂದು ಕಡೆಯಲ್ಲಿ ಮರವು ಕಿತ್ತು ಬರುವುದು. ಉಳಿದ ಮರವನ್ನು ಉಳಿಯಿಂದ ಸ್ವಲ್ಪ ಸ್ವಲ್ಪವಾಗಿ, ಎರಡು ಕಡೆಗಳಿಂದಲೂ ನಡುವಿನ ಕಡೆಗೆ ತೆಗೆಯುತ್ತ ಬರಬೇಕು. ಅಗಲದ ಕಡೆಯ ಎರಡು ಗೋಡೆಗಳು ಸಮವಾಗಿ ನೆಟ್ಟಗಿರಬೇಕು; ಪೆಟ್ಟಿನ ಮುಖಗಳ ಕಡೆಗಿರುವ ಎರಡು ಗೋಡೆಗಳು ಮಾತ್ರ ಮೇಲಿನಿಂದ ಕೆಳಕ್ಕೆ ಒಳವಾಲಿ ಬರಬೇಕು. ನಡುವೆ ಹೊಟ್ಟೆ ಉಬ್ಬಿ ಉಳಿಯುವುದು ಸಾಮಾನ್ಯವಾದ ತಪ್ಪು. ತೆಳುವಾದ ನೇರವಾದ ಪಟ್ಟಿಯೊಂದನ್ನು ಗೋಡೆಗೆ ಹಿಡಿದು ಬೆಳಕಿಗೆ ನೋಡಿದರೆ ಅದು ತಿಳಿಯುವುದು.

ಕಣ್ಣು ಮುಗಿದ ಮೇಲೆಯೇ ಮುಖಗಳನ್ನು ಓರೆಗೊಯ್ಯತಕ್ಕದ್ದು. ಮೊದಲೇ ಕೊಯ್ದರೆ ಮೂಲೆಮಟ್ಟಕ್ಕೆ ಆಧಾರ ತಪ್ಪುವುದು. ಮೇಲಣ ಅಂಚು ೬ ಅಂಗುಲವಾಗಿಯೇ ಉಳಿದು ಕೆಳಗಣ ಅಂಚು ಐದೂವರೆ ಅಂಗುಲವಾಗುವಂತೆ, ಒಂದೊಂದು ಕಡೆಗೆ ಕಾಲಂಗುಲ ಓರೆಯಾಗಿ ಕೊಯ್ಯಬೇಕು. ಕೈಯು ಬೀಸುವುದು ನೇರವಾದ ಗೆರೆಯಲ್ಲಲ್ಲ, ಮೊಣಕೈಯ ಸುತ್ತ ಕಮಾನಿನಂತೆ. ಓರೆಯಾದ ಮುಖವು ಆ ಕಮಾನಿನ ಕೊನೆಯಲ್ಲಿ ಉಳಿಯ ಹಿಡಿಯ ಮೇಲೆ ಪೂರ್ಣವಾಗಿ ಕೂಡುವುದು. ನೆಟ್ಟನೆಯ ಮುಖವಾದರೆ ಅಂಚೊಂದೇ ತಾಗಿ ಉಳಿಯು ಓಡಿಹೋಗುವುದು. ಕಡೆಗೆ ಅಂಚುಗಳನ್ನೆಲ್ಲ ಅರದಿಂದ ಕಾಲಂಗುಲದಷ್ಟು ಮುರಿದುಬಿಡಬೇಕು, ಇಲ್ಲದಿದ್ದರೆ ಅಲ್ಲಿಂದ ಸಿಬಿರು ಏಳುವುದು.

ಕಾವು

ಕಾವಿಗೆ ಭಾರ ಬೇಡ, ಪುಟಿತ ಬೇಕು. ದಿಂಡಿಗದ ಮರ ಸಿಕ್ಕಿದರೆ ಉತ್ತಮ. ಇಲ್ಲವಾದರೆ ಗಂಟಿಲ್ಲದ ಜಾಲಿಯನ್ನೇ ಸೀಳಿಕೊಳ್ಳಬಹುದು. ಗರಗಸದಿಂದ ಕೊಯ್ಯುವುದಕ್ಕಿಂತ ಸೀಳಿಕೊಳ್ಳುವುದು ಮೇಲು, ಏಕೆಂದರೆ ಸೀಳು ನಾರಿನ ದಾರಿಯನ್ನೇ ಹಿಡಿಯುವುದರಿಂದ ಕಾವಿನಲ್ಲಿ ನಾರು ತುದಿಯಿಂದ ತುದಿಗೆ ತುಂಡಾಗದೆ ಬರುವುದು. ಉದ್ದವು ೧೪ ಅಂಗುಲ. ಮೇಲ್ತುದಿಯು ಕಣ್ಣಿನ ಮೇಲಣ ಅಳತೆಗಿಂತ ಕೂದಲೆಳೆಯಷ್ಟು ಹೆಚ್ಚಾಗಿ, ಅಲ್ಲಿಂದ ೪ ಅಂಗುಲ ಕೆಳಕ್ಕೆ ಬರುವಷ್ಟರಲ್ಲಿ ಕೆಳಗಣ ಅಳತೆಗೆ ಇಳಿಯಬೇಕು. ಅಲ್ಲಿಂದ ಕೆಳಗಣ ಹಿಡಿಯೆಲ್ಲವೂ ಕಣ್ಣಿನಲ್ಲಿ ಸಡಿಲವಾಗಿ ನುಸುಳುವಂತೆ ಅದಕ್ಕಿಂತ ಸ್ವಲ್ಪ ಸಣ್ಣದಾಗಿರಬೇಕು, ಇಲ್ಲದಿದ್ದರೆ ಮೇಲಿನಿಂದ ಇಳಿಸುವುದು ಹೇಗೆ? ಹಿಡಿಯನ್ನು ದುಂಡಗೆ ಮಾಡದೆ ಮೊಟ್ಟೆಯ ಆಕಾರಕ್ಕೆ ಬಳಸಿದರೆ, ಮುಖವು ಎತ್ತ ತಿರುಗಿದೆಯೆಂಬುದು ಕಣ್ಣಿನಿಂದ ನೋಡದೆ ಕೈಗೇ ತಿಳಿಯುವುದು.

ಕಾವನ್ನು ಕಣ್ಣಿಗೆ ಕೂಡಿಸುವಾಗ ಅವಸರ ಪಡಬಾರದು. ದೀಪದ ಮಸಿಯನ್ನು ಕಾವಿಗೆ ತೆಳುವಾಗಿ ಸವರಿ ಒಳಕ್ಕಿಳಿಸಿ ಹೊರಕ್ಕೆ ತೆಗೆದರೆ, ಎಲ್ಲಿ ಮಸಿ ಉಜ್ಜಿ ಹೋಗಿದೆಯೋ ಅಲ್ಲಿ ಮರವು ಹೆಚ್ಚಾಗಿದೆಯೆಂದು ತಿಳಿದು ಅಷ್ಟನ್ನೇ ಕೀಸಬೇಕು. ಹೀಗೆ ಐದಾರು ಸಲವಾದರೂ ಆದೀತು. ಮೇಲೆ ಅರ್ಧ ಅಂಗುಲ ಕಾವು ಚಾಚಿಕೊಂಡು ನಿಲ್ಲುವಂತೆ ಬಿಟ್ಟು, ಎರಡು ದಿಮ್ಮಿಗಳ ನಡುವೆ ತಲೆಯನ್ನಿಟ್ಟು, ಚಾಚಿದ ತುದಿಯನ್ನು ಕೊರಡಿನಿಂದ ಹೊಡೆದು ಕೂಡಿಸಬೇಕು. ಚಾಚಿದ ಆ ಅರ್ಧ ಅಂಗುಲವನ್ನು ಅಂದಕ್ಕಾಗಿ ಕೊಯ್ದುಹಾಕಕೂಡದು. ಮುಂದಿನ ಬೇಸಗೆಯಲ್ಲಿ ಮರವು ಕುಗ್ಗಿದಾಗ ತಲೆಯು ಏರುವುದು ಆ ಜಾಗಕ್ಕೇ. ಕಾವು ಮುರಿದರೆ ಕೆಳತುದಿಯಿಂದ ಮೇಲಕ್ಕೆ ಹೊಡೆದು ತೆಗೆದು ಬೇರೆಯದನ್ನು ಇಳಿಸಬಹುದು.

ತಲೆಗೆ ಎಣ್ಣೆ ಉಣಿಸುವುದು ಒಳ್ಳೆಯದು. ಈ ಸೀಮೆಯ ಹಿಂಗಾರಿಯಲ್ಲಿ ಬೆಳೆಯುವ ಅಗಸೆ, ಕುಸುಬೆಗಳ ಎಣ್ಣೆಯು ಗಾಳಿಗೆ ಒಣಗಿ ಮರದೊಳಗೆ ಗಟ್ಟಿಯಾಗುವ ಗುಣವುಳ್ಳದ್ದು. ಶೇಂಗಾ ಎಣ್ಣೆಯು ಹಾಗಲ್ಲ, ಜಿಡ್ಡಾಗಿಯೇ ಉಳಿದು ಧೂಳು ಹಿಡಿಯುವುದು. ಬಟ್ಟೆಯಿಂದ ತೆಳುವಾಗಿ ಹಚ್ಚಿ, ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ಆಗಲಿ. ಕಣ್ಣಿನೊಳಗೂ ಕಾವಿನ ಕೂಡುವ ಭಾಗಕ್ಕೂ ಎಣ್ಣೆ ತಗಲಬಾರದು, ಜಾರುವುದು. ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಹುಲ್ಲಿನ ಬಣಿವೆಯ ಬಳಿ ಎಸೆದರೆ ಅದು ತಾನಾಗಿಯೇ ಕಾದು ಹೊತ್ತಿಕೊಳ್ಳುವುದುಂಟು. ಅದನ್ನು ಬಿಡಿಸಿ ಕಲ್ಲಿನ ಮೇಲೆ ಹರಡಿ ಒಣಗಿಸಬೇಕು.

ಹೆಂಟೆ ಒಡೆಯುವ ಕೊಡತಿ

ಎರೆಯಲ್ಲಿ ಬೇಸಗೆಯ ನೇಗಿಲಿಗೆ ಎದ್ದ ಹೆಂಟೆಗಳು ಕುಂಟೆಗೆ ಜಗ್ಗದಿದ್ದಾಗ, ಅದರಲ್ಲಿಯೂ ತೋಟದ ಮಡಿಗಳಲ್ಲಿ, ಕೈಯಿಂದ ಒಡೆಯಬೇಕಾಗುವುದು. ಅದಕ್ಕೆ ಬೇರೆ ಕೊಡತಿ ಬೇಕು. ಇದರ ತಲೆಯು ದುಂಡನೆಯ ಕೊರಡು, ೯ ಅಂಗುಲ ಉದ್ದ, ನಾಲ್ಕೂವರೆ ಅಂಗುಲ ದಪ್ಪ. ಎರಡು ಕಿಲೋಗ್ರಾಮಿನ ಹತ್ತಿರ ತೂಗುವುದು. ಬಗ್ಗದೆ ನಿಂತು ಹೊಡೆಯುವುದಕ್ಕೆ ಕಾವು ಮೂರೂವರೆ ಅಡಿಯಾದರೂ ಇರಬೇಕು. ದುಂಡುಕೊರಡಿನಲ್ಲಿ ತಿರುಳು ಸೇರಿಯೇ ಇರುವುದರಿಂದ ಬಿರಿಯದಿರಲು ಎರಡು ತುದಿಗಳಿಗೂ ಕಮ್ಮಾರನಿಂದ ಕಬ್ಬಿಣದ ಬಳೆ ಹಾಕಿಸಬೇಕು. ಬಂಡಿಯ ಗಾಲಿಗೆ ಹಳಿ ಹಾಕುವಂತೆ ಬಳೆಯನ್ನು ಕಾಯಿಸಿ ಕೂಡಿಸಿ ಮೇಲೆ ನೀರು ಹಾಕಿದರೆ ಅದು ಕುಗ್ಗಿ ಮರವನ್ನು ಅಪ್ಪಿ ಹಿಡಿಯುವುದು. ಕಣ್ಣನ್ನು ಮೊದಲಿನ ಕ್ರಮದಲ್ಲಿ ಮೇಲಕ್ಕೆ ಅಗಲವಾಗಿಯೇ ತೆಗೆಯತಕ್ಕದ್ದು. ಹೆಂಟೆಗಳು ಕಲ್ಲಿನಂತೆ ಒಣಗಿದಾಗ ಹೊಡೆಯುವುದು ವ್ಯರ್ಥ ಶ್ರಮ. ಒಂದು ಹದಮಳೆ ಬಿದ್ದು ಮೇಲೆ ಆರಿದ ಮರುದಿನ ಅರ್ಧ ಪೆಟ್ಟಿಗೆ ಅವು ಪುಡಿಯಾಗುವುವು.

ಬಳಕೆ ಮತ್ತು ಸಂರಕ್ಷಣೆ

ಕೊಡತಿಯಿಂದ ಮೊಳೆ ಹೊಡೆಯಕೂಡದು. ಒಂದು ಮೊಳೆಯ ತಲೆಯು ಮುಖದಲ್ಲಿ ಮಾಡಿದ ಕುಳಿಯು ಆಮೇಲೆ ಪ್ರತಿಯೊಂದು ಪೆಟ್ಟನ್ನೂ ಓರೆ ಮಾಡುವುದು. ಎರಡು ಮುಖಗಳಲ್ಲಿ ಒಂದನ್ನು ಉಳಿಗೂ, ಇನ್ನೊಂದನ್ನು ಗೂಟ ಬೆಣೆಗಳ ಒರಟು ಕೆಲಸಕ್ಕೂ ಬೇರೆ ಮಾಡಿ, ಒರಟು ಮುಖದ ಕಡೆಗೆ ಮೇಲೆ ಸುಟ್ಟ ಗುರುತು ಹಾಕಿಕೊಳ್ಳುವುದು ಅನುಕೂಲ. ಮುಖವು ಸವೆದು ತಗ್ಗಾದರೆ ಗರಗಸದಿಂದ ಒಂದು ತೆಳುವಾದ ಬಿಲ್ಲೆಯನ್ನು ಕೊಯ್ದು ಹೊಸ ಮುಖ ಮಾಡಬಹುದು. ೬ ಅಂಗುಲದ ತಲೆಯು ೫ ಅಂಗುಲವಾಗುವವರೆಗೂ ಇದನ್ನು ನಡೆಸಬಹುದು. ತಲೆಯಲ್ಲಿ ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆಹುಳ ಹತ್ತಿದೆಯೆಂದರ್ಥ. ಅದನ್ನು ಬೇರೆ ಮರದ ಸಾಮಾನುಗಳಿಂದ ಕೂಡಲೆ ದೂರ ಮಾಡಬೇಕು. ನೆಲದ ಮೇಲೆ ಇಟ್ಟರೆ ಗೆದ್ದಲು, ಒಲೆಯ ಬಳಿ ಇಟ್ಟರೆ ಬಿರುಕು. ಗೋಡೆಯ ಗೂಟಕ್ಕೆ ತೂಗುಹಾಕುವುದೇ ಸರಿಯಾದ ಜಾಗ.

ಊರಿನ ಹಿರಿಯರು ಪಂಚಾಯತಿಯ ಕಟ್ಟಡದಲ್ಲಿಯೋ ಸಹಕಾರ ಸಂಘದಲ್ಲಿಯೋ ಎರಡು ಕೊಡತಿಗಳನ್ನೂ ನಾಲ್ಕಾರು ಒಣಗಿದ ತುಂಡುಗಳನ್ನೂ ಇರಿಸಿದರೆ, ಬಿತ್ತನೆಯ ವಾರದಲ್ಲಿ ಯಾರಿಗೆ ಬೇಕಾದರೂ ಸಿಕ್ಕುವುವು. ಕೂರಿಗೆ ಕುಂಟೆಗಳ ಬೆಣೆಗಳನ್ನೆಲ್ಲ ಹಿಂಗಾರಿ ಬಿತ್ತನೆಗೆ ಹದಿನೈದು ದಿನ ಮೊದಲೇ ಒಮ್ಮೆ, ನೊಗ ಕಟ್ಟುವ ದಿನ ಬೆಳಿಗ್ಗೆ ಇನ್ನೊಮ್ಮೆ, ಕೊಡತಿಯಿಂದ ತಟ್ಟಿ ನೋಡತಕ್ಕದ್ದು. ಬಿಗಿಯಾದ ಬೆಣೆಯು ಗಟ್ಟಿಯಾದ ಚಿಕ್ಕ ಸದ್ದು ಕೊಡುವುದು. ಸಡಿಲವಾದದ್ದರ ಸದ್ದು ಟೊಳ್ಳು. ಅಂಥದನ್ನು ತೆಗೆದು, ಹಳೆಯ ಬೆಣೆಗಿಂತ ನೂಲಿನಷ್ಟು ದಪ್ಪವಾದ ಹೊಸದನ್ನು ಒಣಗಿದ ಜಾಲಿಯಿಂದ ಕೆತ್ತಿ ಹಾಕಬೇಕು. ಹಸಿಮರದ ಬೆಣೆಯನ್ನು ಹೊಡೆದರೆ ಅದು ನಾಲ್ಕನೆಯ ದಿನಕ್ಕೆ ತಾನಾಗಿಯೇ ಉದುರುವುದು.